ಕುರಿ ದಾಟುವ ಕಂಡಿ

ನೀರು ಮಣ್ಣು ತಿನ್ನುವುದನ್ನು ನಾನು ಮೊದಲ ಸಲ ಕಣ್ಣಾರೆ ಕಂಡದ್ದು ಮದುವೆಯಾಗಿ ಮತ್ತೋಡಿನ ಕಡೆಯ ಒಂದು ಹಳ್ಳಿಗೆ ಬಂದ ಮೇಲೆ. ನನ್ನ ತವರು ಹೊಳಲ್ಕೆರೆ ಸೀಮೆ, ಹೊರಕೆರೆದೇವಪುರದಿಂದ ಸ್ವಲ್ಪ ಆಚೆ. ಅಲ್ಲಿ ನಮ್ಮಪ್ಪನ ಹೊಲ ಸಮತಟ್ಟಾಗಿತ್ತು. ಮಳೆ ಬಂದರೆ ನಿಂತು, ಇಂಗಿ, ಸುಮ್ಮನಾಗುತ್ತಿತ್ತು. ಗಂಡನ ಮನೆಯ ಹೊಲ ಗುಡ್ಡದ ಬುಡದಲ್ಲಿತ್ತು. ಇಲ್ಲಿನ ಮಳೆಗೆ ನಿಂತು ಗೊತ್ತೇ ಇಲ್ಲ. ಬಂದರೆ ಓಟ, ಹೋದರೆ ಧೂಳು. ಇದೆಂಥಾ ಊರಿಗೆ ಕೊಟ್ಟರಪ್ಪ ನನ್ನನ್ನು ಎಂದು ಮೊದಲ ವರ್ಷ ಬೈದುಕೊಂಡಿದ್ದೇ ಹೆಚ್ಚು.

ಆ ಓಡುವ ನೀರಿಗೆಂದು ಹಿರಿಯರು ಒಂದು ಕಾಲುವೆ ತೋಡಿದ್ದರು. ಗುಡ್ಡದಿಂದ ಇಳಿದದ್ದು ಹೊಲಕ್ಕೆ ನುಗ್ಗದೆ ನೇರವಾಗಿ ಕೆಳಗಿನ ಹಳ್ಳಕ್ಕೆ ಹೋಗಿ ಸೇರಲಿ ಎಂದು ಮಾಡಿದ ಕಾಲುವೆ. ಮೇಲಿನ ದಡ ಪಕ್ಕದ ಹೊಲದವರದು, ಕೆಳಗಿನ ದಡ ನಮ್ಮದು. ನಡುವಿನ ಗುಂಡಿ ಯಾರದು ಎಂದು ಯಾರೂ ಕೇಳಿರಲಿಲ್ಲ. ವರ್ಷದಲ್ಲಿ ಬಹಳ ದಿನ ಅದು ಒಣಗಿಯೇ ಇರುತ್ತಿತ್ತು, ಓತಿಕ್ಯಾತ ಬಿಟ್ಟರೆ ಅಲ್ಲಿ ಓಡಾಡುವವರೇ ಇರಲಿಲ್ಲ.

ಪಕ್ಕದ ಹೊಲ ಒಬ್ಬ ವಯಸ್ಸಾದವರದು. ಹೊಲ ಇದ್ದರೂ ಅವರ ಪ್ರಾಣವೆಲ್ಲ ಕುರಿಯಲ್ಲಿ. ಊರೆಲ್ಲ ಅವರನ್ನು ಕುರಿಯಜ್ಜ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಹೆಗಲ ಮೇಲೆ ಕರಿಯ ಕಂಬಳಿ, ಕೈಯಲ್ಲಿ ಕೋಲು, ಮಾತು ಬಹಳ ಕಡಿಮೆ. ನನ್ನ ಮಾವನವರೂ ಅವರೂ ಚಿಕ್ಕಂದಿನಿಂದ ಒಂದೇ ಬುತ್ತಿ ಬಿಚ್ಚಿ ಉಂಡವರು. ಕುರಿಯಜ್ಜ ಮಾವನವರನ್ನು ಅಣ್ಣ ಎನ್ನುತ್ತಿದ್ದರು, ನನ್ನ ಅತ್ತೆಯನ್ನು ಅತ್ತಿಗೆಮ್ಮ ಎನ್ನುತ್ತಿದ್ದರು.

ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ಕುರಿಯಜ್ಜ ಸಂಜೆ ಹೊತ್ತಿಗೆ ತಮ್ಮ ಮಂದೆಯನ್ನು ನಮ್ಮ ಹೊಲಕ್ಕೆ ತಂದು ನಿಲ್ಲಿಸುತ್ತಿದ್ದರು. ಕುರಿಗಳು ಅಲ್ಲೇ ಮಲಗಿ ಬೆಳಿಗ್ಗೆ ಎದ್ದು ಹೋದರೆ ಹಿಕ್ಕೆ, ಗಂಜಲ ಎಲ್ಲ ನಮ್ಮ ನೆಲಕ್ಕೆ. ಇವತ್ತು ಈ ಮೂಲೆ, ನಾಳೆ ಆ ಮೂಲೆ, ಹೀಗೆ ಹೊಲವೆಲ್ಲ ಸುತ್ತಿ ಬರುವ ಹೊತ್ತಿಗೆ ಬಿತ್ತನೆಗೆ ನೆಲ ಸಿದ್ಧವಾಗಿರುತ್ತಿತ್ತು. ಅದಕ್ಕೆ ನಮ್ಮ ಮನೆಯಿಂದ ಅವರ ಮನೆಗೆ ರಾಗಿ ಹೋಗುತ್ತಿತ್ತು. ಮಂದೆ ಕಾಲುವೆ ದಾಟಿ ಬರಬೇಕಲ್ಲ, ಅದಕ್ಕೆಂದೇ ಮಾವನವರು ನಮ್ಮ ದಡದ ಕತ್ತಾಳೆ ಕಿತ್ತು ಒಂದು ಕಂಡಿ ಬಿಡಿಸಿದ್ದರು. ಕುರಿಗೆ ಒಂದು ಸಲ ದಾರಿ ಗೊತ್ತಾದರೆ ಮುಗಿಯಿತು, ದೇವರು ಬಂದು ಕರೆದರೂ ಬೇರೆ ಕಡೆಯಿಂದ ಬರುವುದಿಲ್ಲ. ವರ್ಷ ವರ್ಷವೂ ಅದೇ ಕಂಡಿಯಲ್ಲಿ ಇಳಿದು, ಅದೇ ಕಂಡಿಯಲ್ಲಿ ಹತ್ತಿ, ಅಲ್ಲಿನ ದಡ ಉಳಿದ ದಡಕ್ಕಿಂತ ತಗ್ಗಾಗಿ ಹೋಗಿತ್ತು.

ಮಂದೆ ಬಂದ ದಿನಗಳಲ್ಲಿ ಮಾವನವರು ಮನೆಯಲ್ಲಿ ಮಲಗುತ್ತಿರಲಿಲ್ಲ. ಕಂಬಳಿ ಹಿಡಿದು ಹೊಲಕ್ಕೆ ಹೋಗಿ ಕುರಿಗಳ ನಡುವೆಯೇ ಬಿದ್ದುಕೊಳ್ಳುತ್ತಿದ್ದರು. ಮೆಲುಕು ಹಾಕುವ ಸಪ್ಪಳ, ಕಾಲು ಬದಲಿಸುವ ಸಪ್ಪಳ ಕಿವಿಗೆ ಬಿದ್ದರೇನೇ ನಿದ್ದೆ ಹತ್ತುತ್ತದೆ ಎನ್ನುತ್ತಿದ್ದರು. ಅತ್ತೆಗೆ ಇದು ಸರಿಬರುತ್ತಿರಲಿಲ್ಲ. ಮನೆಯಲ್ಲಿ ಮಂಚ ಇದೆ, ಕಟ್ಟಿಕೊಂಡ ಹೆಂಡತಿ ಇದ್ದಾಳೆ, ಈ ಮನುಷ್ಯನಿಗೆ ಕುರಿ ಬೇಕು ಎಂದು ಒಲೆ ಮುಂದೆ ಗೊಣಗುತ್ತಿದ್ದರು. ನನ್ನ ಕೈಯಲ್ಲೇ ಇನ್ನೊಂದು ಕಂಬಳಿಯನ್ನೂ ಕಳಿಸುತ್ತಿದ್ದರು.

ನಾನು ಬಂದ ಎರಡನೆಯ ವರ್ಷ ಮಾವನವರು ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುವುದು. ಕಂಡಿಯ ಪಕ್ಕದಲ್ಲೇ ಇಡಬೇಕು ಎಂದು ಅವರು ಮೊದಲೇ ಹೇಳಿಟ್ಟಿದ್ದರು. ಹಾಗೇ ಮಾಡಿದರು. ಒಂದು ಮಣ್ಣಿನ ಗುಡ್ಡೆ, ತಲೆಯ ಕಡೆ ಒಂದು ಕಲ್ಲು, ಪಕ್ಕದಲ್ಲಿ ಅತ್ತೆ ನೆಟ್ಟ ಕಣಗಿಲೆ ಗಿಡ. ಪ್ರತಿ ಸೋಮವಾರ ಅತ್ತೆ ಅಲ್ಲಿಗೆ ಒಂದು ಚೊಂಬು ನೀರು ತೆಗೆದುಕೊಂಡು ಹೋಗುತ್ತಿದ್ದರು. ಗಿಡಕ್ಕೆ ಹಾಕುತ್ತಿದ್ದರೋ ಗಂಡನಿಗೆ ಹಾಕುತ್ತಿದ್ದರೋ ನಾನು ಕೇಳಲಿಲ್ಲ.

ಅದರ ಮರುವರ್ಷವೇ ಆ ಸ್ವಾತಿ ಮಳೆ ಬಂತು. ಎಪ್ಪತ್ತರ ದಶಕ ಇನ್ನೂ ಅರ್ಧ ಮುಗಿದಿರಲಿಲ್ಲ. ಅದಕ್ಕೆ ಮುಂಚೆ ಎರಡು ಮೂರು ವರ್ಷ ಮೋಡ ಬರಿದೇ ಮುಖ ತೋರಿಸಿ ಹೋಗಿದ್ದರಿಂದ ಮಳೆಯ ಗಾತ್ರವೇ ನಮಗೆ ಮರೆತಂತಾಗಿತ್ತು. ಮಧ್ಯಾಹ್ನದ ಹೊತ್ತು, ನಾನೂ ಅತ್ತೆಯೂ ರಾಗಿ ಹೊಲದ ಮೇಲಿನ ಹುಣಸೆ ಮರದ ಕೆಳಗಿದ್ದೆವು. ಗುಡ್ಡದ ಮೇಲೆ ಸುರಿಯುತ್ತಿದ್ದದ್ದು ಇಲ್ಲಿಗೇ ಕೇಳುತ್ತಿತ್ತು. ಆಮೇಲೆ ಕಾಲುವೆಯಲ್ಲಿ ನೀರು ಬಂತು. ಬಂತು ಅಂದರೆ, ನೀರಿನ ಜೊತೆ ಕಲ್ಲು, ಜಾಲಿ ಕೊಂಬೆ, ಯಾರದೋ ಮುರಿದ ನೊಗ ಎಲ್ಲ ಉರುಳುರುಳಿ ಬಂದವು. ದಡದ ಮಟ್ಟಕ್ಕೆ ಏರಿದ ನೀರು ಕಂಡಿಯ ತಗ್ಗನ್ನು ಕಂಡಿತು. ಒಂದು ಗಳಿಗೆ ಹಿಂದೆ ಅಲ್ಲಿ ದಡವಿತ್ತು, ಇನ್ನೊಂದು ಗಳಿಗೆಗೆ ಇರಲಿಲ್ಲ. ಕೆಂಪು ನೀರು ನಮ್ಮ ಹೊಲದೊಳಕ್ಕೆ ನುಗ್ಗಿ, ನೋಡನೋಡುತ್ತಿದ್ದಂತೆ ನೆಲವನ್ನು ಸೀಳಿಕೊಂಡು ಹೋಯಿತು. ನಿಂತಿದ್ದ ರಾಗಿ ನಿಂತ ಹಾಗೆಯೇ, ಮಣ್ಣಿನ ಸಮೇತ, ತೇಲಿಕೊಂಡು ಹೊರಟಿತು. ಭಯ ಆಮೇಲೆ ಬಂತು. ಮೊದಲು ಬಂದದ್ದು ಬೆರಗು. ಇಷ್ಟು ಬಲ ಇಟ್ಟುಕೊಂಡು ಇಷ್ಟು ದಿನ ಎಲ್ಲಿ ಅಡಗಿತ್ತು ಇದು ಎಂದು ಬಾಯಿ ಬಿಟ್ಟುಕೊಂಡು ನಿಂತೆ. ಅತ್ತೆ ರಾಗಿಯನ್ನು ನೋಡಲೇ ಇಲ್ಲ, ಅವರ ಕಣ್ಣು ಕಣಗಿಲೆ ಗಿಡದ ಮೇಲಿತ್ತು.

ಸಮಾಧಿ ಉಳಿಯಿತು. ಆದರೆ ಅದರ ಪಕ್ಕದಲ್ಲೇ ಆಳೆತ್ತರದ ಕೊರಕಲು ಬಿದ್ದಿತ್ತು. ಮಾರನೆಯ ದಿನ ಅತ್ತೆ ಕುರಿಯಜ್ಜನನ್ನು ಕರೆಸಿ ಕೊರಕಲಿನ ಅಂಚಿನಲ್ಲಿ ನಿಲ್ಲಿಸಿದರು.

"ಏನಪ್ಪ, ನಿನ್ನ ಕುರಿ ತುಳಿದ ಜಾಗದಾಗೇ ನೀರು ನುಗ್ಗೈತೆ. ನಾಳೆ ನಿಮ್ಮಣ್ಣನ ಗುಡ್ಡೆ ಕೊಚ್ಕಂಡು ಹೋದ್ರೆ ಯಾರು ಜವಾಬ್ದಾರಿ?"

ಕುರಿಯಜ್ಜ ಕೋಲಿನಿಂದ ಕೊರಕಲಿನ ಅಂಚನ್ನು ಮುಟ್ಟಿ ನೋಡಿದರು. "ದಡ ನಿಮ್ದು, ಕಂಡಿ ನಿಮ್ದು ಅತ್ತಿಗೆಮ್ಮ. ನೀವು ಕರೆದ್ರಿ, ನಾನು ಬಂದೆ," ಎಂದರು.

ಹೇಳಿದ್ದು ಅಷ್ಟೇ. ಆದರೆ ಅತ್ತೆಗೆ ಅದು ಎದೆಗೆ ಚುಚ್ಚಿತು. ಆ ಬೇಸಿಗೆ ಮಂದೆಯನ್ನು ಹೊಲಕ್ಕೆ ಕರೆಯಲಿಲ್ಲ. ಕುರಿಯಜ್ಜ ಎದುರು ಬಂದರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದರು. ನಾನೂ ಅತ್ತೆಯ ಪಕ್ಷವೇ. ನನ್ನ ಬಾಯಿ ಮೊದಲೇ ಸುಮ್ಮನಿರುವ ಬಾಯಿಯಲ್ಲ, ಬಾವಿಕಟ್ಟೆಯಲ್ಲಿ ಸಿಕ್ಕಿದವರಿಗೆಲ್ಲ ಕುರಿಯ ಕಥೆ ಹೇಳಿದ್ದೇ ಹೇಳಿದ್ದು.

ರೋಹಿಣಿ ಮಳೆಗೆ ಕೊರಕಲು ಇನ್ನಷ್ಟು ಅಗಲವಾಯಿತು. ಪಕ್ಕದ ಗೋಡೆ ಹೆಂಟೆ ಹೆಂಟೆಯಾಗಿ ಕುಸಿದು ಬೀಳುತ್ತಿತ್ತು. ಕಣಗಿಲೆ ಗಿಡ ಬೇರು ಮೇಲಾಗಿ ಒಳಗೆ ಬಿತ್ತು. ಗಿಡ ಹೋದ ಮೇಲೆ ಸಮಾಧಿಗೂ ಅಂಚಿಗೂ ನಡುವೆ ಒಬ್ಬರು ಅಡ್ಡ ಮಲಗುವಷ್ಟೂ ಜಾಗ ಇರಲಿಲ್ಲ. ನನ್ನ ಗಂಡ ಊರ ಹಿರಿಯರನ್ನು ಕರೆತಂದರು. ಅವರು ಬಂದರು, ಕಾಲುವೆಯ ಉದ್ದಕ್ಕೂ ನಡೆದರು, ಎಲೆಅಡಿಕೆ ಹಾಕಿಕೊಂಡರು. ದಡ ಯಾರದೋ ಅವರೇ ಕಟ್ಟಿಕೊಳ್ಳಬೇಕು ಎಂದರು ಒಬ್ಬರು. ದಡ ಕೆಡಿಸಿದವರು ಕಟ್ಟಬೇಕು ಎಂದರು ಇನ್ನೊಬ್ಬರು. ನೀರು ಗುಡ್ಡದ್ದು, ಗುಡ್ಡದ ಮೇಲೆ ಪಂಚಾಯ್ತಿ ಸೇರಿಸೋಕಾಗುತ್ತಾ ಎಂದರು ಮೂರನೆಯವರು, ಎಲ್ಲರೂ ನಕ್ಕರು. ಕೊನೆಗೆ ಮಜ್ಜಿಗೆ ಕುಡಿದು ಹೋದರು. ಗಂಡ ಹೊಸದುರ್ಗಕ್ಕೂ ಹೋಗಿ ಬಂದರು. ಅದು ಸರ್ಕಾರದ ಕಾಲುವೆ ಅಲ್ಲ, ನಿಮ್ಮ ನಿಮ್ಮ ಹೊಲದ ನಡುವಿನದು, ನೀವೇ ಬಗೆಹರಿಸಿಕೊಳ್ಳಿ ಎಂದು ಅಲ್ಲಿ ಹೇಳಿ ಕಳಿಸಿದರಂತೆ. ಇತ್ತ ಮುಂಗಾರು ಮುಗಿಯುತ್ತಾ ಬಂದಿತ್ತು. ನಮ್ಮ ಕಡೆ ದೊಡ್ಡ ಮಳೆಗಳು ಬರುವುದು ಆಮೇಲೆಯೇ, ಹಸ್ತ, ಚಿತ್ತೆ, ಸ್ವಾತಿ. ಅಷ್ಟರೊಳಗೆ ಕಂಡಿ ಮುಚ್ಚದಿದ್ದರೆ ಮಾವನವರು ಹಳ್ಳದ ಪಾಲು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ, ಬಿದ್ದ ಕಣಗಿಲೆ ಗಿಡದ ಕೊಂಬೆ ಸಿಕ್ಕರೆ ಬೇರೆ ಕಡೆ ನೆಡೋಣ ಎಂದು ನಾನು ಕೊರಕಲಿನೊಳಕ್ಕೆ ಇಳಿದೆ. ಅಲ್ಲಿ ನಿಂತು ತಲೆ ಎತ್ತಿದರೆ ನಮ್ಮ ಹೊಲ ನನ್ನ ತಲೆಯ ಮೇಲಿತ್ತು. ದಿನಾ ತುಳಿಯುವ ನೆಲವನ್ನು ಕೆಳಗಿನಿಂದ ನೋಡಿದ್ದು ಅದೇ ಮೊದಲು. ಅಬ್ಬಾ, ಏನು ನೋಟ ಅದು. ತೀರಾ ಕೆಳಗೆ ಬಿಳಿ ಸುಣ್ಣಕಲ್ಲು, ಅದರ ಮೇಲೆ ಗರಸು, ಅದರ ಮೇಲೆ ಕುಂಕುಮದಂಥ ಕೆಂಪು ಮಣ್ಣು. ಎಲ್ಲಕ್ಕಿಂತ ಮೇಲೆ, ಒಂದೂವರೆ ಗೇಣು ದಪ್ಪಕ್ಕೆ, ಕಪ್ಪು ಮಣ್ಣಿನ ಪಟ್ಟಿ ಹೊಲದ ಉದ್ದಕ್ಕೂ ಓಡಿತ್ತು. ಗೆರೆ ಎಳೆದು ಬೇರೆ ಮಾಡಿದ ಹಾಗೆ ಕಾಣುತ್ತಿತ್ತು. ಕೈ ಹಾಕಿ ಕೆರೆದೆ. ಹಿಡಿಯಲ್ಲಿ ಪುಡಿಪುಡಿಯಾಯಿತು. ಮೂಗಿನ ಹತ್ತಿರ ತಂದೆ. ಮಂದೆಯ ವಾಸನೆ.

ತಿರುಗಿ ಎದುರು ದಡ ನೋಡಿದೆ, ಕುರಿಯಜ್ಜನ ಹೊಲದ ಅಂಚು. ಅಲ್ಲೂ ಸುಣ್ಣಕಲ್ಲು, ಗರಸು, ಕೆಂಪು ಎಲ್ಲ ಇತ್ತು. ಕಪ್ಪು ಮಾತ್ರ ನಾಲ್ಕು ಬೆರಳೂ ಇರಲಿಲ್ಲ. ಅವರ ಕುರಿಯ ಗೊಬ್ಬರವೆಲ್ಲ ಬಿದ್ದದ್ದು ನಮ್ಮ ಹೊಲಕ್ಕೆ, ಬಾವಿಕಟ್ಟೆಯಲ್ಲಿ ಆ ಕಥೆಯನ್ನು ಮಾತ್ರ ನಾನು ಹೇಳಿರಲಿಲ್ಲ.

ಮನೆಗೆ ಓಡಿದೆ. ಅತ್ತೆ ರೊಟ್ಟಿ ತಟ್ಟುತ್ತಿದ್ದರು. ಒಂದು ಗಳಿಗೆ ಬನ್ನಿ ಎಂದೆ, ಒಲೆ ಮೇಲೆ ಹೆಂಚು ಇದೆ ಎಂದರು, ಹೆಂಚು ಇಳಿಸಿ ಕೈ ಹಿಡಿದು ಕರೆದುಕೊಂಡು ಹೋದೆ. ಆ ವಯಸ್ಸಿನಲ್ಲಿ ಅವರನ್ನು ಕೊರಕಲಿಗೆ ಇಳಿಸುವುದು ಸುಲಭದ ಮಾತಲ್ಲ. ನನ್ನನ್ನು ಬೈಯುತ್ತಾ, ಕುಂಡೆಯ ಮೇಲೆ ಜಾರುತ್ತಾ ಇಳಿದರು. ಮೇಲೆ ತೋರಿಸಿದೆ. ಅತ್ತೆ ನೋಡಿದರು. ಹಿಟ್ಟು ಅಂಟಿದ ಅಂಗೈಯನ್ನು ಆ ಕಪ್ಪು ಪಟ್ಟಿಯ ಮೇಲಿಟ್ಟು ಗೇಣು ಹಾಕಿ ಅಳೆದರು. ಆಮೇಲೆ ಎದುರು ದಡವನ್ನೂ ನೋಡಿದರು.

"ಇಷ್ಟು ದಪ್ಪ ಐತೇನೇ?" ಎಂದರು. "ಇದಷ್ಟೂ ಅವನ ಕುರಿ ಕೊಟ್ಟಿದ್ದು."

ಮೇಲೆ ಹತ್ತಿದವರು ಮನೆಯ ಕಡೆ ತಿರುಗಲಿಲ್ಲ. ನೆಟ್ಟಗೆ ಕುರಿಯಜ್ಜನ ಮನೆಗೇ ಹೋದರು, ನಾನು ಹಿಂದೆ. ಗೋಡೆಯ ಮೇಲೆ ಬರೆದಿದ್ದ ಕುಟುಂಬ ಯೋಜನೆಯ ಕೆಂಪು ತ್ರಿಕೋನಕ್ಕೆ ಒರಗಿಕೊಂಡು ಅಜ್ಜ ಜಗಲಿಯ ಮೇಲೆ ಉಣ್ಣೆ ನೂಲುತ್ತಾ ಕೂತಿದ್ದರು. ಅತ್ತೆ ಕೂರಲಿಲ್ಲ. ನಿಂತುಕೊಂಡೇ ಹೇಳಿದರು.

"ಕಂಡಿ ಬಿಟ್ಟೋರು ನಮ್ಮೋರು. ತುಳಿದೋವು ನಿನ್ನವು. ತಪ್ಪಿನಾಗೆ ಅರ್ಧ ನಂದು, ಅರ್ಧ ನಿಂದು. ಕಟ್ಟೋದ್ರಾಗೂ ಹಂಗೇ. ಬರ್ತೀಯೇನಪ್ಪ?"

ಅಜ್ಜ ನೂಲುವ ಕದಿರನ್ನು ಪಕ್ಕಕ್ಕಿಟ್ಟು ಕಂಬಳಿ ಹೆಗಲಿಗೆ ಹಾಕಿಕೊಂಡರು. "ನಡೀರಿ, ಹೋಗಾಣ," ಎಂದರು. ಆ ಮಾತಿಗೇ ಕಾಯುತ್ತಾ ಕೂತಿದ್ದರೋ ಏನೋ. ಜಗಳವಾದ ಮೇಲೆ ಅವರು ಕಂಡಿಯ ಕಡೆ ಕಾಲಿಟ್ಟಿರಲಿಲ್ಲ. ಸಮಾಧಿಯ ಹತ್ತಿರಕ್ಕೆ ಕೊರಕಲು ಬಂದದ್ದನ್ನು ಕಂಡು ಅವರ ಮುಖ ಕಪ್ಪಿಟ್ಟಿತು. ಬಗ್ಗಿ ಒಂದು ಹೆಂಟೆ ಮಣ್ಣು ಎತ್ತಿ ಗುಡ್ಡೆಯ ಮೇಲಿಟ್ಟರು.

ಎರಡೂ ಮನೆಯವರು ಸೇರಿ ಒಡ್ಡು ಹಾಕಲು ಶುರು ಮಾಡಿದೆವು. ಕಂಡಿ ಇದ್ದ ಕಡೆ ಕಾಲುವೆಯ ದಡವನ್ನು ಮತ್ತೆ ಎಬ್ಬಿಸಬೇಕು, ಮೊದಲಿಗಿಂತ ಎತ್ತರಕ್ಕೆ, ಮೊದಲಿಗಿಂತ ಅಗಲಕ್ಕೆ. ಗಂಡಸರು ಕೆರೆ ಅಂಗಳದಿಂದ ಗಾಡಿಯಲ್ಲಿ ಜಿಗುಟು ಮಣ್ಣು ತಂದು ಸುರಿದರು, ಹೆಂಗಸರು ಪುಟ್ಟಿಯಲ್ಲಿ ಹೊತ್ತು ಹರಡಿದೆವು. ಜಡಿಮಳೆ ಹನಿಯುತ್ತಿದ್ದರಿಂದ ಮಣ್ಣು ಹದವಾಗಿತ್ತು. ದಿಮ್ಮಿ ಹಿಡಿದು ನಾವು ಎಷ್ಟು ಬಡಿದರೂ ಮೇಲೆ ಮಾತ್ರ ಗಟ್ಟಿ, ಕೋಲು ಚುಚ್ಚಿದರೆ ಒಳಗೆ ಮೆತ್ತಗೆ. ಕುರಿಯಜ್ಜ ಕೋಲು ಚುಚ್ಚಿ ಚುಚ್ಚಿ ನೋಡಿ ತಲೆಯಾಡಿಸಿದರು. ಹಿಂದೆ ನಮ್ಮೂರ ಕೆರೆ ಏರಿ ಒಡೆದಾಗ ಅವರಪ್ಪ ಮಂದೆ ಬಿಟ್ಟು ತುಳಿಸಿದ್ದರಂತೆ. ಒಂದು ಪದರ ಮಣ್ಣು, ಅದರ ಮೇಲೆ ಕುರಿ, ಮತ್ತೆ ಒಂದು ಪದರ ಮಣ್ಣು. ಕುರಿಯ ಗೊರಸು ಚಿಕ್ಕದು, ಮೊನಚು, ಮೇಲಿನ ಮಣ್ಣನ್ನು ದಾಟಿ ಒಳಕ್ಕೆ ಇಳಿದು ಕೂರಿಸುತ್ತದೆ ಎಂದರು. ದಡ ಕೆಡಿಸಿದ ಕಾಲಲ್ಲೇ ದಡ ಕಟ್ಟಿಸುವುದಾ ಎಂದು ನನಗೆ ನಗು ಬಂತು. ಅತ್ತೆ ನನ್ನ ಕಡೆ ಕಣ್ಣು ಬಿಟ್ಟರು.

ಆದರೆ ಒಂದು ತೊಡಕಿತ್ತು. ಒಡ್ಡಿನ ಬುಡ ಅಗಲವಾಗಿರಬೇಕು. ಆ ಅಗಲದೊಳಗೇ ಸಮಾಧಿ ಬಂದಿತ್ತು. ಅದನ್ನು ಹೊರಗೆ ಬಿಟ್ಟು ಕಟ್ಟಿದರೆ ಒಡ್ಡು ಸಣ್ಣದಾಗಿ ನಿಲ್ಲುವುದಿಲ್ಲ. ಒಳಗೆ ಸೇರಿಸಿದರೆ ಸಮಾಧಿಯ ಮೇಲೆ ಕುರಿ ಹತ್ತಬೇಕು. ನಮ್ಮಲ್ಲಿ ಸಮಾಧಿ ತುಳಿಯುವುದು ಎಂದರೆ ಮಾತಿನಲ್ಲೂ ಆಡುವಂಥದ್ದಲ್ಲ. ಗೊತ್ತಿಲ್ಲದೆ ಕಾಲು ತಾಗಿದರೆ ಕೆನ್ನೆ ಕೆನ್ನೆ ಬಡಿದುಕೊಳ್ಳುವ ಜನ ನಾವು.

ಮಂದೆ ಬಂದು ಎದುರು ದಡದಲ್ಲಿ ನಿಂತಿತು. ಆ ಪಾಟಿ ಕುರಿ ಒಟ್ಟಿಗೆ ನಿಂತದ್ದನ್ನು ಹಗಲಿನಲ್ಲಿ ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಕರಿ, ಕಂದು, ಬಿಳಿ ಬೆನ್ನುಗಳು ಗುಡ್ಡದ ಬುಡದವರೆಗೂ ಇದ್ದವು. ಕುರಿಯಜ್ಜ ಕೋಲು ಊರಿಕೊಂಡು ನಿಂತರು, ಮುಂದೆ ಹೊರಡಲಿಲ್ಲ.

"ಅಣ್ಣನ ಎದೆ ಮ್ಯಾಲೆ ಕುರಿ ಹತ್ಸೋದು ನನ್ನ ಕೈಲಾಗಲ್ಲ ಅತ್ತಿಗೆಮ್ಮ," ಎಂದರು.

ನನ್ನ ಗಂಡ ನೆಲ ನೋಡುತ್ತಾ ನಿಂತರು. ಗುಡ್ಡದ ಮೇಲೆ ಮೋಡ ಕಟ್ಟುತ್ತಿತ್ತು. ಅತ್ತೆ ಎಲ್ಲರನ್ನೂ ಒಂದು ಸಲ ನೋಡಿದರು. ತಲೆಗಲ್ಲನ್ನು ತಾವೇ ಅಲ್ಲಾಡಿಸಿ ಕಿತ್ತು ಪಕ್ಕಕ್ಕೆ ಇಡಿಸಿದರು. ನನ್ನ ಹತ್ತಿರ ಬಂದು, ಕುರಿಗೆಂದು ತಂದಿದ್ದ ಹುರುಳಿಯನ್ನು ಮಡಿಲಿಗೆ ಹಾಕು ಎಂದರು.

"ಜೀವ ಇರೋವರ್ಗೂ ಕುರಿ ಮಧ್ಯದಾಗೇ ಮಲಗಿದೋರು. ಈಗ ಬ್ಯಾಡ ಅಂತಾರೇನಪ್ಪ? ನಾನು ಮುಂದೆ ಹೋಗ್ತೀನಿ. ನೀನು ಹಿಂದಿನಿಂದ ಹೊಡ್ಕಂಡು ಬಾ."

ಬಗ್ಗಿ ಗುಡ್ಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಬರಿಗಾಲಿನಲ್ಲಿ ಅದರ ಮೇಲೆ ಕಾಲಿಟ್ಟರು. ಮಡಿಲಿನ ಹುರುಳಿಯನ್ನು ಒಂದೊಂದೇ ಹಿಡಿ ಚೆಲ್ಲುತ್ತಾ ಒಡ್ಡಿನ ಮೇಲೆ ನಡೆದರು. ಮುಂದಿನ ಟಗರು ಒಂದು ಸಲ ಮೂಸಿ ನೋಡಿ ಅವರ ಹಿಂದೆ ಹತ್ತಿತು. ಅದರ ಹಿಂದೆ ಇನ್ನೊಂದು, ಆಮೇಲೆ ಮಂದೆಗೆ ಮಂದೆಯೇ. ಅವರ ಸೀರೆಯ ನೆರಿಗೆಗೆ ಕುರಿಗಳು ಮೈ ಉಜ್ಜುತ್ತಿದ್ದವು. ಅಷ್ಟು ಗೊರಸು ಹಸಿ ಮಣ್ಣಿನ ಮೇಲೆ ಬಿದ್ದರೆ ಏಳುವ ಸಪ್ಪಳ ಜೋರಿನದಲ್ಲ, ಮೆತ್ತಗಿನದು. ಆದರೆ ನಿಂತ ಕಾಲಿನಲ್ಲಿ ಹತ್ತಿ ಎದೆಯವರೆಗೂ ಬಂತು. ನಾನು ಕೈ ಮುಗಿದೆ. ಯಾರಿಗೆ ಎಂದು ಇವತ್ತಿಗೂ ನನಗೆ ಹೇಳಲು ಬಾರದು. ಅತ್ತೆ ಕೊನೆ ಮುಟ್ಟಿ ತಿರುಗಿ ಬಂದರು, ಮತ್ತೆ ಹೋದರು. ನಾವು ಮಣ್ಣು ಹಾಕುತ್ತಲೇ ಇದ್ದೆವು, ಅವರು ನಡೆಯುತ್ತಲೇ ಇದ್ದರು, ಕುರಿಯಜ್ಜ ಕಣ್ಣೊರೆಸಿಕೊಳ್ಳುತ್ತಾ ಹಿಂದಿನಿಂದ ಹೊಡೆಯುತ್ತಲೇ ಇದ್ದರು. ಸಂಜೆಯ ಹೊತ್ತಿಗೆ ಅಜ್ಜ ಕೋಲು ಚುಚ್ಚಿದರು. ಕೋಲು ಇಳಿಯಲಿಲ್ಲ. ತಲೆಗಲ್ಲನ್ನು ಒಡ್ಡಿನ ಮೇಲೆ ಅದೇ ನೇರಕ್ಕೆ ನೆಟ್ಟರು.

ಚಿತ್ತೆ ಮಳೆಗೆ ಗುಡ್ಡ ಮತ್ತೆ ಕೂಗಿತು. ಎರಡೂ ಮನೆಯವರು ಗೋಣಿಚೀಲ ಕೊಪ್ಪೆ ಹಾಕಿಕೊಂಡು ಹೊಲದಲ್ಲಿ ನಿಂತಿದ್ದೆವು. ಅದೇ ಕೆಂಪು ನೀರು, ಅದೇ ಕಲ್ಲು ಕೊಂಬೆ. ಕಾಲುವೆ ತುಂಬಿ ಬಂದು ಒಡ್ಡಿಗೆ ಬಡಿಯಿತು. ಒಡ್ಡು ಕದಲಲಿಲ್ಲ. ಮತ್ತೆ ಏರಿ ಬಡಿಯಿತು. ನಾನು ಅತ್ತೆಯ ತೋಳು ಹಿಡಿದುಕೊಂಡಿದ್ದೆ, ನನ್ನ ಬಳೆ ಒಡೆದದ್ದೂ ತಿಳಿಯಲಿಲ್ಲ. ನೀರು ಅಲ್ಲೇ ಸುತ್ತಿ ನೊರೆ ಎಬ್ಬಿಸಿ, ಕೊನೆಗೆ ತಲೆ ತಗ್ಗಿಸಿಕೊಂಡು ಹಳೆಯ ದಾರಿಯಲ್ಲಿ ಹಳ್ಳದ ಕಡೆ ಇಳಿಯಿತು. ಮಳೆ ನಿಂತ ಮೇಲೆ ಹತ್ತಿರ ಹೋಗಿ ನೋಡಿದರೆ ಒಡ್ಡಿನ ಮೇಲೆ ಗೊರಸಿನ ಗುರುತುಗಳು ಇದ್ದ ಹಾಗೇ ಇದ್ದವು, ಒಂದೊಂದರಲ್ಲೂ ಒಂದು ಗುಟುಕು ನೀರು ನಿಂತಿತ್ತು.

ಸುಗ್ಗಿ ಆಯಿತು, ಹೊಲ ಬರಿದಾಯಿತು. ಮಂದೆ ನಿಲ್ಲಿಸಲು ಅತ್ತೆ ಹೇಳಿ ಕಳಿಸಿದರು. ಕುರಿಯಜ್ಜ ಮೊದಲು ತಾವೊಬ್ಬರೇ ಬಂದರು. ಈ ಕಡೆಯಿಂದ ದಾಟಿಸಿದರೆ ಒಡ್ಡು ಮತ್ತೆ ತಗ್ಗುತ್ತದೆ, ಇನ್ನು ಮುಂದೆ ರಸ್ತೆಯ ಮೋರಿಯವರೆಗೆ ಹೋಗಿ ಸುತ್ತಿಕೊಂಡು ಬರುತ್ತೇನೆ, ಸ್ವಲ್ಪ ದೂರ, ಆದರೂ ಪರವಾಗಿಲ್ಲ ಎಂದರು. ಅತ್ತೆ ಕೇಳಿಸಿಕೊಂಡರು. ನನ್ನ ಗಂಡನನ್ನು ಕರೆದು ಗುಡ್ಡದಿಂದ ಚಪ್ಪಡಿ ಕಲ್ಲು ತಂದು ಒಡ್ಡಿನ ಮೇಲೆ, ಎರಡೂ ಇಳಿಜಾರಿನ ಮೇಲೆ ಹಾಸಲು ಹೇಳಿದರು. ಹಾಸಿದ ಕಲ್ಲನ್ನು ಕುರಿ ಎಷ್ಟು ತುಳಿದರೂ ಸವೆಯುವುದಿಲ್ಲವಲ್ಲ. ಆಮೇಲೆ ಕುರಿಯಜ್ಜನ ಕಡೆ ತಿರುಗಿದರು.

"ಸುತ್ತಾಕ್ಕಂಡು ಯಾಕೆ ಹೋಗ್ತೀಯಪ್ಪ? ಇಲ್ಲೇ ದಾಟ್ಸು. ಅವ್ರಿಗೆ ಸಪ್ಪಳ ಕೇಳ್ಸಬೇಕಲ್ಲ."